ಅಂಡಮಾನಿಗೆ ಎಂಟು ಮಂದಿ: ವಿಶ್ರಾಂತಿಯ ಪ್ರವಾಸವನ್ನು ಹೇಗೆ ಯೋಜಿಸಬೇಕು?

ಪ್ರಶ್ನೆ: ನಾವು ಶಿವಮೊಗ್ಗದಲ್ಲಿ ದಿನಾ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುವ ಗೆಳೆಯರು. ಮೂರು ದಂಪತಿಗಳು, ನನ್ನ ಅಕ್ಕ, ಗೆಳೆಯರೊಬ್ಬರ ಇಪ್ಪತ್ತನಾಲ್ಕು ವರ್ಷದ ಮಗಳು, ಹೀಗೆ ಎಂಟು ಮಂದಿ ಜನವರಿ ಕೊನೆಯ ವಾರದಲ್ಲಿ ಅಂಡಮಾನಿಗೆ ಹೊರಟಿದ್ದೇವೆ. ಟ್ರಾವೆಲ್ ಏಜೆಂಟರು ಐದು ರಾತ್ರಿ, ಆರು ದಿನಗಳ ಯೋಜನೆ ಕೊಟ್ಟಿದ್ದಾರೆ: ಮೊದಲಿಗೆ ಪೋರ್ಟ್ ಬ್ಲೇರ್‌ನಲ್ಲಿ ಎರಡು ರಾತ್ರಿ, ಅದರ ನಡುವೆ ಒಂದು ದಿನ ಬಾರಾಟಾಂಗ್, ಆಮೇಲೆ ಹ್ಯಾವ್‌ಲಾಕ್ ದ್ವೀಪದಲ್ಲಿ ಒಂದು ರಾತ್ರಿ, ನೀಲ್ ದ್ವೀಪದಲ್ಲಿ ಒಂದು ರಾತ್ರಿ, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್. ನಮಗೆ ಬೇಕಿರುವುದು ಕಡಲ ದಂಡೆಯಲ್ಲಿ ನಿರಾಳವಾಗಿ ನಾಲ್ಕು ದಿನ ಕಳೆಯುವುದು. ಇಬ್ಬರಿಗೆ ಮಂಡಿನೋವಿದೆ, ಮೂವರಿಗೆ ಈಜು ಬಾರದು, ನಾಲ್ವರು ಸಸ್ಯಾಹಾರಿಗಳು. ಇಷ್ಟು ದಿನ ಒಟ್ಟಿಗೆ ಎಲ್ಲಿಗೂ ಹೋದವರಲ್ಲವಾದ್ದರಿಂದ ಮನಸ್ತಾಪ ಬಂದೀತೆಂಬ ಅಳುಕೂ ಇದೆ. ಈ ಯೋಜನೆ ಸರಿಯೇ?

ಉತ್ತರ: ನಿಮ್ಮ ಏಜೆಂಟರು ಕೊಟ್ಟಿರುವುದು ಅಂಡಮಾನಿಗೆ ಹೋಗುವವರಲ್ಲಿ ಬಹುಪಾಲು ಜನರಿಗೆ ಕೊಡುವ ಯೋಜನೆಯೇ. ಕಡಿಮೆ ದಿನಗಳಲ್ಲಿ ಹೆಚ್ಚು ಸ್ಥಳಗಳನ್ನು ನೋಡಬೇಕೆನ್ನುವವರಿಗೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದಂಡೆಯಲ್ಲಿ ನಿರಾಳವಾಗಿರಬೇಕು ಎಂದು ನೀವು ಬರೆದಿದ್ದೀರಿ. ಆ ಉದ್ದೇಶಕ್ಕೆ ಈ ಯೋಜನೆ ಒಗ್ಗುವುದಿಲ್ಲ. ಗುಂಪುಗಳಿಗೆ ದ್ವೀಪ ಪ್ರವಾಸಗಳನ್ನು ಯೋಜಿಸಿಕೊಡುವುದು ನನ್ನ ಕೆಲಸವಾದ್ದರಿಂದ ನೇರವಾಗಿ ಹೇಳುತ್ತೇನೆ: ಬಾರಾಟಾಂಗ್ ಬಿಡಿ, ಈ ಸಲ ನೀಲ್ ಕೂಡ ಬಿಡಿ. ಇಳಿದ ದಿನ ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ, ಆಮೇಲೆ ಹ್ಯಾವ್‌ಲಾಕ್‌ನಲ್ಲಿ ಒಂದೇ ಕಡೆ ಮೂರು ರಾತ್ರಿ, ಮರಳುವ ವಿಮಾನದ ಹಿಂದಿನ ರಾತ್ರಿ ಮತ್ತೆ ಪೋರ್ಟ್ ಬ್ಲೇರ್, ಇಷ್ಟೇ ಇರಲಿ. ಇನ್ನೆರಡು ದಿನ ಹೊಂದಿಸಿಕೊಳ್ಳಲು ಸಾಧ್ಯವಾದರೆ ಮಾತ್ರ ನೀಲ್‌ಗೆ ಆ ಎರಡು ರಾತ್ರಿಗಳನ್ನು ಕೊಡಿ. ಒಂದೇ ರಾತ್ರಿಗಾಗಿ ಅಲ್ಲಿಗೆ ಹೋಗುವುದು ಬೇಡ.

ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು, ಏಕೆಂದರೆ ಟಿಕೆಟ್ಟು ನೋಡಿ ಗಾಬರಿಯಾದವರು ಇದ್ದಾರೆ. 2018ರ ಡಿಸೆಂಬರ್‌ನಿಂದ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂಬ ಹೆಸರಿದೆ. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯ ಪುರಂ ಎಂಬ ಹೆಸರನ್ನು ಪ್ರಕಟಿಸಲಾಯಿತು. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ ಓಡಾಡುವುದರಿಂದ ನಾನೂ ಅವನ್ನೇ ಬಳಸುತ್ತೇನೆ.

ಒಂದು ದ್ವೀಪದಿಂದ ಇನ್ನೊಂದಕ್ಕೆ ದಾಟಲು ಹಡಗಿನಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ ಏಜೆಂಟರು ಒಂದೂವರೆ ಗಂಟೆ ಎನ್ನುತ್ತಾರೆ, ಅದು ಸುಳ್ಳಲ್ಲ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಹಡಗುಗಳು ಒಂದೂವರೆಯಿಂದ ಎರಡು ಗಂಟೆಯಲ್ಲಿ ತಲುಪುತ್ತವೆ, ಸರಕಾರಿ ಹಡಗು ಎರಡೂವರೆ ಗಂಟೆಯ ಆಸುಪಾಸು ತೆಗೆದುಕೊಳ್ಳುತ್ತದೆ. ಆದರೆ ಎಂಟು ಮಂದಿಯ ಗುಂಪಿಗೆ ಆ ದಾಟುವಿಕೆಯೆಂದರೆ ಬೆಳಿಗ್ಗೆ ಎದ್ದು ಪೆಟ್ಟಿಗೆ ಕಟ್ಟಿ, ತಿಂಡಿಯನ್ನು ಅವಸರದಲ್ಲಿ ಮುಗಿಸಿ, ಕೋಣೆ ಬಿಟ್ಟುಕೊಟ್ಟು, ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಜೆಟ್ಟಿ ಸೇರಿ, ಗುರುತಿನ ಚೀಟಿ ತೋರಿಸಿ, ಲಗೇಜು ಒಪ್ಪಿಸಿ, ಇಳಿದ ಮೇಲೆ ಅದೇ ಲಗೇಜಿಗೆ ಕಾದು, ಎರಡು ಗಾಡಿ ಹಿಡಿದು, ಹೊಸ ಜಾಗದಲ್ಲಿ ಕೋಣೆ ಸಿದ್ಧವಾಗುವವರೆಗೆ ಹಜಾರದಲ್ಲಿ ಕೂರುವುದು. ಅರ್ಧ ದಿನ ಅಲ್ಲಿಗೆ ಮುಗಿಯಿತು. ನಿಮ್ಮ ಯೋಜನೆಯಲ್ಲಿ ಇಂಥ ದಾಟುವಿಕೆಗಳು ಮೂರಿವೆ, ಮೂರು, ನಾಲ್ಕು, ಐದನೆಯ ದಿನಗಳಲ್ಲಿ ಬೆನ್ನುಬೆನ್ನಿಗೆ ಬರುತ್ತವೆ. ಹ್ಯಾವ್‌ಲಾಕ್‌ಗೆ ಮಧ್ಯಾಹ್ನ ತಲುಪಿ ಮರುದಿನ ಬೆಳಿಗ್ಗೆ ಹೊರಟರೆ ನಿಮ್ಮ ಪಾಲಿಗೆ ಉಳಿಯುವುದು ಒಂದು ಸಂಜೆ ಮಾತ್ರ.

ಬಾರಾಟಾಂಗ್ ಬೇಡವೆನ್ನಲು ನನಗೆ ಎರಡು ಕಾರಣಗಳಿವೆ. ಒಂದು ದೇಹಕ್ಕೆ ಸಂಬಂಧಿಸಿದ್ದು: ಪೋರ್ಟ್ ಬ್ಲೇರ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ ಆ ಜಾಗಕ್ಕೆ ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಪೊಲೀಸ್ ಬೆಂಗಾವಲಿನಲ್ಲಿ ವಾಹನಗಳನ್ನು ನಿಗದಿತ ವೇಳೆಗೆ ಸಾಲಾಗಿ ಬಿಡುವುದರಿಂದ ಪ್ರವಾಸಿಗರು ನಸುಕಿನ ಮೂರು ನಾಲ್ಕು ಗಂಟೆಗೇ ಹೊರಡಬೇಕಾಗುತ್ತದೆ, ಆಮೇಲೆ ವಾಹನ ದಾಟಿಸುವ ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಸ್ಪೀಡ್ ಬೋಟ್, ಸುಣ್ಣಕಲ್ಲಿನ ಗುಹೆಗೆ ಕಾಲ್ನಡಿಗೆ, ಮತ್ತೆ ಅದೇ ದಾರಿಯಲ್ಲಿ ವಾಪಸು. ಮಂಡಿನೋವಿರುವ ಇಬ್ಬರಿಗೆ ಮರುದಿನವೂ ಕೈಬಿಟ್ಟು ಹೋಗುತ್ತದೆ. ಇನ್ನೊಂದು ಕಾರಣವನ್ನು ನಾನು ಇದಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಆ ರಸ್ತೆ ಜಾರವಾ ಬುಡಕಟ್ಟಿನವರ ಮೀಸಲು ಅರಣ್ಯವನ್ನು ಸೀಳಿಕೊಂಡು ಹೋಗುತ್ತದೆ. ಕೆಲವೇ ನೂರು ಸಂಖ್ಯೆಯಲ್ಲಿರುವ, ಹೊರಗಿನ ರೋಗಗಳಿಗೆ ದೇಹ ಒಗ್ಗದ ಈ ಜನರಲ್ಲಿ 1999ರಲ್ಲಿ ದಡಾರ ಹರಡಿತ್ತು. ಮೀಸಲು ಪ್ರದೇಶದೊಳಗೆ ಆ ರಸ್ತೆಯ ಸಂಚಾರವನ್ನು ನಿಲ್ಲಿಸಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದರೂ ವಾಹನಗಳು ಓಡುತ್ತಲೇ ಇವೆ. ದಾರಿಯಲ್ಲಿ ಜಾರವಾಗಳು ಕಾಣಬಹುದು ಎಂಬ ಆಸೆ ಹುಟ್ಟಿಸಿ ಈ ಪ್ರವಾಸವನ್ನು ಮಾರುವವರೂ ಇದ್ದಾರೆ. ಮನುಷ್ಯರನ್ನು ನೋಡಲು ಸಾಲುಗಟ್ಟಿ ಹೋಗುವುದು ನಮ್ಮಂಥವರು ಮಾಡಬಾರದ ಕೆಲಸ.

ಹ್ಯಾವ್‌ಲಾಕ್ ಮತ್ತು ನೀಲ್‌ಗಳಲ್ಲಿ ಒಂದನ್ನು ಆಯ್ದುಕೊಳ್ಳುವುದು ಸ್ವಲ್ಪ ಕಷ್ಟದ ವಿಷಯ. ನೀಲ್ ಚಿಕ್ಕದು, ಹೆಚ್ಚುಕಡಿಮೆ ಸಮತಟ್ಟು, ತರಕಾರಿ ಹೊಲಗಳ ಊರು. ಪೋರ್ಟ್ ಬ್ಲೇರ್‌ನ ಮಾರುಕಟ್ಟೆಗೆ ಅಲ್ಲಿಂದಲೇ ಸಾಕಷ್ಟು ತರಕಾರಿ ಬರುತ್ತದೆ. ಅಡಿಕೆ, ಬಾಳೆ, ತೆಂಗು ಒಟ್ಟೊಟ್ಟಿಗೆ ನಿಂತ ತೋಟಗಳ ನಡುವಿನ ರಸ್ತೆಯಲ್ಲಿ ನಡೆದರೆ ನಿಮ್ಮ ಜಿಲ್ಲೆಯವರಿಗೆ ಪರಸ್ಥಳವೆನಿಸುವುದಿಲ್ಲ. ಗದ್ದಲ ಒಂದನ್ನೇ ಅಳತೆಗೋಲಾಗಿಸಿಕೊಂಡರೆ ನೀಲ್ ಗೆಲ್ಲುತ್ತದೆ. ಆದರೂ ನಿಮ್ಮ ಗುಂಪಿಗೆ ಹ್ಯಾವ್‌ಲಾಕ್ ಎನ್ನುತ್ತೇನೆ, ಏಕೆಂದರೆ ಎಂಟು ಮಂದಿಯ ಅಗತ್ಯಗಳು ಒಂದೇ ಬಗೆಯವಲ್ಲ: ಇಪ್ಪತ್ತನಾಲ್ಕರ ಹುಡುಗಿಗೆ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಕಡಲೊಳಗೆ ಇಳಿಯುವುದು) ಕಲಿಸುವ ತರಬೇತುದಾರರು, ಸಸ್ಯಾಹಾರಿಗಳಿಗೆ ನಾಲ್ಕಾರು ಊಟದ ಮನೆಗಳ ಆಯ್ಕೆ, ಹೆಚ್ಚು ಹಡಗುಗಳು, ಅವಸರಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ, ಇವೆಲ್ಲ ಅಲ್ಲಿ ಹತ್ತಿರ ಹತ್ತಿರದಲ್ಲೇ ಇವೆ. ಜತೆಗೆ ಪೂರ್ವಕ್ಕೆ ಮುಖ ಮಾಡಿದ ಒಂದು ದಂಡೆ, ಪಶ್ಚಿಮಕ್ಕೆ ಮುಖ ಮಾಡಿದ ಇನ್ನೊಂದು ದಂಡೆ ಇರುವುದರಿಂದ ಕೋಣೆ ಬದಲಿಸದೆಯೇ ಸೂರ್ಯೋದಯ, ಸೂರ್ಯಾಸ್ತ ಎರಡೂ ಸಿಗುತ್ತವೆ. ತಂಗುವುದು ಪೂರ್ವದ ಗೋವಿಂದನಗರ ಮತ್ತು ವಿಜಯನಗರದ ನಡುವಿನ ದಂಡೆಯಲ್ಲಿರಲಿ. ಸಂಜೆ ಪಶ್ಚಿಮದ ರಾಧಾನಗರಕ್ಕೆ ಗಾಡಿಯಲ್ಲಿ ಹೋಗಿಬನ್ನಿ. ಇವು ದೇಶವಿಭಜನೆಯ ನಂತರ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು 1950ರ ದಶಕದಲ್ಲಿ ನೆಲೆಗೊಳಿಸಿದ ಹಳ್ಳಿಗಳು. ಇಂದು ನಿಮಗೆ ಎಳನೀರು ಕೊಚ್ಚಿಕೊಡುವವರು, ಆಟೋ ಓಡಿಸುವವರು ಬಹುಪಾಲು ಅವರ ಮಕ್ಕಳು, ಮೊಮ್ಮಕ್ಕಳು. ಕಾಡು ಕಡಿದು ಗದ್ದೆ ಮಾಡಿದ ಹಿರಿಯರ ಕಥೆಯನ್ನು ವಿಚಾರಿಸಿದರೆ ಸಂತೋಷದಿಂದ ಹೇಳುತ್ತಾರೆ. ನಿಮ್ಮ ಗುಂಪಿನಲ್ಲಿ ಹಿಂದಿ ಬಲ್ಲವರು ಒಬ್ಬರಿದ್ದರೆ ಸಾಕು.

ಇನ್ನು ದಿನಚರಿ. ಅಂಡಮಾನಿನಲ್ಲಿ ವಿಶ್ರಾಂತಿ ಕೆಡುವುದು ಬಹಳ ಮಟ್ಟಿಗೆ ಗಡಿಯಾರದಿಂದ. ಅಲ್ಲಿನ ಗಡಿಯಾರ ತೋರಿಸುವುದು ನಮ್ಮದೇ ಭಾರತೀಯ ಕಾಲಮಾನ, ಆದರೆ ದ್ವೀಪಗಳು ಶಿವಮೊಗ್ಗಕ್ಕಿಂತ ಸುಮಾರು ಹದಿನೇಳು ಡಿಗ್ರಿ ಪೂರ್ವಕ್ಕಿವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಸೂರ್ಯ ಅಲ್ಲಿ ಒಂದು ಗಂಟೆಗೂ ಹೆಚ್ಚು ಮೊದಲೇ ಹುಟ್ಟಿ ಮೊದಲೇ ಮುಳುಗುತ್ತಾನೆ. ಜನವರಿ ಕೊನೆಯಲ್ಲಿ ಬೆಳಗಿನ ಐದೂ ಮುಕ್ಕಾಲರ ಸುಮಾರಿಗೆ ಸೂರ್ಯೋದಯ, ಸಂಜೆ ಐದೂ ಕಾಲರ ಸುಮಾರಿಗೆ ಸೂರ್ಯಾಸ್ತ. ಊರಿನ ಅಭ್ಯಾಸದಂತೆ ಒಂಬತ್ತಕ್ಕೆ ತಿಂಡಿ, ಎರಡಕ್ಕೆ ಊಟ, ಒಂದು ನಿದ್ದೆ, ನಾಲ್ಕೂವರೆಗೆ ಕಾಫಿ ಮುಗಿಸಿ ರಾಧಾನಗರಕ್ಕೆ ಹೊರಟವರು ದಂಡೆ ಸೇರುವ ಹೊತ್ತಿಗೆ ಸೂರ್ಯ ಮುಳುಗುತ್ತಿರುತ್ತಾನೆ, ಕಾವಲಿನವರು ನೀರಿನಿಂದ ಮೇಲೆ ಬರಲು ಸೀಟಿ ಊದುತ್ತಿರುತ್ತಾರೆ. ನೀವು ಬೆಳಗಿನ ವಾಕಿಂಗ್ ಅಭ್ಯಾಸವಿರುವವರಾದ್ದರಿಂದ ನಿಮಗೆ ಇದು ಕಷ್ಟವಾಗಲಾರದು: ಐದೂವರೆಗೆ ದಂಡೆಯಲ್ಲಿ ನಡಿಗೆ, ಏಳೂವರೆಗೆ ತಿಂಡಿ, ಬಿಸಿಲು ಏರುವ ಮುನ್ನ ನೀರು, ಹನ್ನೆರಡಕ್ಕೆಲ್ಲ ಊಟ, ಆಮೇಲೆ ನಿದ್ದೆ, ಮೂರು ಗಂಟೆಗೆ ರಾಧಾನಗರದ ದಾರಿ, ಏಳಕ್ಕೆ ರಾತ್ರಿಯೂಟ. ಹೀಗೆ ದಿನಚರಿಯನ್ನು ಒಂದೆರಡು ಗಂಟೆ ಮೊದಲಿಗೆ ತಂದುಕೊಂಡ ಗುಂಪುಗಳು ನೆಮ್ಮದಿಯಿಂದ ಮರಳಿದ್ದನ್ನು ನೋಡಿದ್ದೇನೆ.

ಸೂರ್ಯನಷ್ಟೇ ಮುಖ್ಯವಾದದ್ದು ಉಬ್ಬರವಿಳಿತ, ಮತ್ತು ಅದರ ಬಗ್ಗೆ ಏಜೆಂಟರು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಸುಮಾರು ಎರಡು ಮೀಟರಿನಷ್ಟಿದ್ದರೆ, ಅಷ್ಟಮಿಯ ಹೊತ್ತಿಗೆ ಅದು ಬಹಳ ಕಡಿಮೆ. ಆದ್ದರಿಂದ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನೀವು ಹೋಗುವ ದಿನಗಳ ತಿಥಿಯನ್ನು ನೋಡಿಕೊಂಡರೆ ಅರ್ಧ ವಿಷಯ ತಿಳಿದಂತೆಯೇ. ಗಂಟೆ ನಿಮಿಷಗಳನ್ನು ತಂಗುವ ಜಾಗದವರಿಂದ ಕೇಳಿ ತಿಳಿದುಕೊಳ್ಳಿ. ಇದು ಏಕೆ ಬೇಕೆಂದರೆ, ವಿಜಯನಗರದ ಕಡೆ ನೀರಿನ ಕೆಳಗೆ ಹವಳದ ಕಲ್ಲುಹಾಸು ದೂರದವರೆಗೆ ಹಬ್ಬಿದೆ. ನೀರು ಏರಿದಾಗ ಅಲ್ಲಿ ಸೊಂಟದುದ್ದದ ತಿಳಿನೀಲಿ ಕೊಳವಿದ್ದಂತಿರುತ್ತದೆ, ಅಲೆಯ ಹೊಡೆತವಿರುವುದಿಲ್ಲ, ಈಜು ಬಾರದವರೂ ಕೈ ಹಿಡಿದುಕೊಂಡು ನಿಲ್ಲಬಹುದು. ಅದೇ ಜಾಗದಲ್ಲಿ ಇಳಿತದ ಹೊತ್ತಿಗೆ ನೀರು ಇನ್ನೂರು ಮುನ್ನೂರು ಹೆಜ್ಜೆ ಹಿಂದೆ ಸರಿದು, ಚೂಪು ಕಲ್ಲು, ಪಾಚಿ, ಸಣ್ಣಪುಟ್ಟ ಹೊಂಡಗಳಷ್ಟೇ ಕಾಣುತ್ತವೆ. ಇದನ್ನು ತಿಳಿಯದೆ ಇಳಿತದ ಹೊತ್ತಿಗೆ ಟವೆಲ್ ಹಿಡಿದು ಬಂದವರು ಬೀಚೇ ಚೆನ್ನಾಗಿಲ್ಲವೆಂದು ಗೊಣಗುತ್ತ ಹೋಗುವುದು ಅಲ್ಲಿನ ನಿತ್ಯದ ನೋಟ.

ಆದರೆ ಇಳಿತದ ಹೊತ್ತನ್ನು ವ್ಯರ್ಥವೆಂದು ತಿಳಿಯಬೇಡಿ. ನೀರು ಸರಿದ ಹಸಿ ಮರಳಿನ ಮೇಲೆ ಕುಕ್ಕರಗಾಲಿನಲ್ಲಿ, ಮಂಡಿ ನೋವಾದರೆ ಒಂದು ಮಡಚುವ ಕುರ್ಚಿಯಲ್ಲಿ, ಅಲುಗಾಡದೆ ಐದು ನಿಮಿಷ ಕುಳಿತರೆ ಸಾಸಿವೆಗಿಂತ ತುಸು ದೊಡ್ಡದಾದ ಮರಳಿನ ಉಂಡೆಗಳು ಒಂದು ಬಿಲದ ಸುತ್ತ ಸೂರ್ಯಕಿರಣದ ಹಾಗೆ ಸಾಲುಸಾಲಾಗಿ ಹರಡಿಕೊಳ್ಳುವುದನ್ನು ನೋಡಬಹುದು. ಬೆರಳಿನ ಉಗುರಿನಷ್ಟೂ ಇಲ್ಲದ ಏಡಿಯೊಂದು ಮರಳನ್ನು ಬಾಯಿಗೆ ತುಂಬಿ, ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯುತ್ತಿರುತ್ತದೆ. ನಿಮ್ಮ ನೆರಳು ಬಿದ್ದರೆ ಬಿಲಕ್ಕೆ ಇಳಿಯುತ್ತದೆ, ನೆರಳು ಸರಿದರೆ ಮೇಲೆ ಬರುತ್ತದೆ, ಕೆಲಸ ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತದೆ. ಮುಂದಿನ ಉಬ್ಬರ ಅದೆಲ್ಲವನ್ನೂ ಅಳಿಸುತ್ತದೆ. ಒಂದು ರಾತ್ರಿಗಾಗಿ ಬಂದವರಿಗೆ ಇಂಥದ್ದಕ್ಕೆ ವ್ಯವಧಾನವಿರುವುದಿಲ್ಲ ಎಂಬುದೇ ಮೂರು ರಾತ್ರಿಗಾಗಿ ನಾನು ಇಷ್ಟು ಒತ್ತಾಯಿಸುವುದಕ್ಕೆ ಕಾರಣ. ಕಲ್ಲುಹಾಸಿನ ಮೇಲೆ ನಡೆಯುವಾಗ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಇರಲಿ. ಹವಳ ಕೊಯ್ದ ಗಾಯ ಬೇಗ ಮಾಯುವುದಿಲ್ಲ, ಮತ್ತು ಜೀವಂತ ಹವಳದ ಮೇಲೆ ಕಾಲಿಟ್ಟರೆ ಅದು ಸಾಯುತ್ತದೆ.

ರಾಧಾನಗರದ ದಂಡೆಯನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಹೊಗಳಿತ್ತು. 2020ರಲ್ಲಿ ಭಾರತದ ಎಂಟು ತೀರಗಳಿಗೆ ಮೊದಲ ಸಲ ಸ್ವಚ್ಛತೆ, ಸುರಕ್ಷತೆಗಾಗಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಅವುಗಳಲ್ಲಿ ರಾಧಾನಗರದ ಜತೆಗೆ ನಮ್ಮ ಕಾಸರಕೋಡು, ಪಡುಬಿದ್ರಿಗಳೂ ಇದ್ದವು. ಹಿಂಬದಿಯಲ್ಲಿ ಎತ್ತರದ ಮರಗಳ ದಟ್ಟ ಕಾಡು ಮರಳಿನ ಅಂಚಿಗೇ ಬಂದು ನಿಂತಿರುವುದರಿಂದ ಮೂರು ಗಂಟೆಯ ಬಿಸಿಲಿನಲ್ಲೂ ನೆರಳಿಗೆ ಕೊರತೆಯಿಲ್ಲ. ಹಿರಿಯರು ಅಲ್ಲಿ ಚಾಪೆ ಹಾಕಿ ಕೂರಬಹುದು. ವಿಜಯನಗರದಂತೆ ಇಲ್ಲಿ ಕಲ್ಲುಗಳಿಲ್ಲ, ಕಾಲಡಿಯಲ್ಲಿ ನುಣುಪಾದ ಮರಳು. ಆದರೆ ಇದು ತೆರೆದ ಕಡಲಾದ್ದರಿಂದ ಅಲೆಗಳಿಗೆ ಬಲವಿದೆ. ಜೀವರಕ್ಷಕರು ಗುರುತಿಸಿದ ಭಾಗದಲ್ಲಿ ಮಾತ್ರ, ಸೊಂಟದ ಮಟ್ಟದವರೆಗೆ ಮಾತ್ರ ಇಳಿಯಿರಿ. ಮದ್ಯ ಸೇವಿಸಿದವರು ನೀರಿಗೆ ಇಳಿಯಲೇಬಾರದು. ಎಚ್ಚರಿಕೆಯ ಫಲಕಗಳಲ್ಲಿ ಮೊಸಳೆಯ ಚಿತ್ರ ಕಂಡರೆ ಅದನ್ನು ಅಲಂಕಾರವೆಂದುಕೊಳ್ಳಬೇಡಿ. ಅಂಡಮಾನಿನ ಅಳಿವೆಗಳಲ್ಲಿ, ಕಾಂಡ್ಲಾ ಕಾಡುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಅವು ಕಡಲಿನಲ್ಲೂ ಈಜುತ್ತವೆ. 2010ರ ಏಪ್ರಿಲ್‌ನಲ್ಲಿ ಇದೇ ತೀರದ ಬಳಿ ನೀರಿನಲ್ಲಿದ್ದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಇಂಥದ್ದು ತೀರ ಅಪರೂಪ, ಇದಕ್ಕಾಗಿ ಪ್ರವಾಸವನ್ನೇ ಕೈಬಿಡಬೇಕಿಲ್ಲ. ಆದರೆ ದಂಡೆಯ ಒಂದು ತುದಿಯಲ್ಲಿ ಶಾಂತವಾಗಿ ಕಾಣುವ ಹಿನ್ನೀರಿಗೆ, ತೊರೆ ಬಂದು ಸೇರುವ ಜಾಗಗಳಿಗೆ, ಕತ್ತಲಾದ ಮೇಲೆ ಯಾವುದೇ ನೀರಿಗೆ ಇಳಿಯಬೇಡಿ.

ಈಜು ಬಾರದ ಮೂವರೂ ಹವಳದ ಲೋಕವನ್ನು ನೋಡಬಹುದು. ಲೈಫ್ ಜಾಕೆಟ್ ತೊಟ್ಟು, ಮಾರ್ಗದರ್ಶಕರು ಹಿಡಿದ ರಬ್ಬರ್ ಟ್ಯೂಬಿಗೆ ಆತುಕೊಂಡು, ಮುಖವನ್ನಷ್ಟೇ ನೀರಿಗಿಟ್ಟು ನೋಡುವ ಸ್ನಾರ್ಕಲಿಂಗ್‌ಗೆ ಈಜು ಬೇಕಿಲ್ಲ. ಎಲಿಫೆಂಟ್ ಬೀಚಿನಲ್ಲಿ ಇದು ನಡೆಯುತ್ತದೆ; ಅಲ್ಲಿಗೆ ಕಾಡಿನ ದಾರಿಯೂ ಇದೆ, ಆದರೆ ಮಂಡಿನೋವಿನವರು ಜೆಟ್ಟಿಯಿಂದ ಹೊರಡುವ ದೋಣಿಯನ್ನೇ ಹಿಡಿಯಲಿ, ದಿನದ ಮೊದಲ ದೋಣಿಗಳಲ್ಲೇ ಹೋಗಲಿ, ಹತ್ತು ಗಂಟೆಯ ನಂತರ ಅಲ್ಲಿ ಜಾತ್ರೆ. ನೀರಿಗಿಳಿಯಲು ಮನಸ್ಸಿಲ್ಲದವರನ್ನು ದಯವಿಟ್ಟು ಹುರಿದುಂಬಿಸಲು ಹೋಗಬೇಡಿ. ಹುಡುಗಿ ಸ್ಕೂಬಾ ಮಾಡುವುದಾದರೆ, ಮೊದಲ ಸಲದವರನ್ನು ಹನ್ನೆರಡು ಮೀಟರಿಗಿಂತ ಕೆಳಗೆ ಕರೆದೊಯ್ಯಬಾರದು, ಒಬ್ಬರಿಗೆ ಒಬ್ಬ ತರಬೇತುದಾರರು ಇರಬೇಕು, ಅಸ್ತಮಾ, ಹೃದಯ, ಕಿವಿಯ ತೊಂದರೆಗಳ ಬಗ್ಗೆ ಕೇಳುವ ಅರ್ಜಿಯನ್ನು ಪ್ರಾಮಾಣಿಕವಾಗಿ ತುಂಬಬೇಕು. ಸ್ಕೂಬಾ ಮುಗಿದ ಮೇಲೆ ಕನಿಷ್ಠ ಹದಿನೆಂಟು ಗಂಟೆ ವಿಮಾನ ಹತ್ತಬಾರದೆಂಬ ಎಚ್ಚರ ಇಟ್ಟುಕೊಳ್ಳಿ. ನೀರಿನೊತ್ತಡದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು; ವಿಮಾನದೊಳಗೆ ಗಾಳಿಯ ಒತ್ತಡ ತಗ್ಗಿದಾಗ ಅದು ಗುಳ್ಳೆಗಟ್ಟಿದರೆ ಪ್ರಾಣಕ್ಕೇ ಅಪಾಯ. ಹ್ಯಾವ್‌ಲಾಕ್‌ನ ಎರಡನೆಯ ದಿನ ಸ್ಕೂಬಾ ಇಟ್ಟುಕೊಂಡರೆ ಈ ಲೆಕ್ಕ ತಾನಾಗಿಯೇ ಕೂಡಿಬರುತ್ತದೆ.

ನಿಮ್ಮ ಅಳುಕಿನ ವಿಷಯಕ್ಕೆ ಬರುತ್ತೇನೆ. ದಿನಾ ಒಂದು ಗಂಟೆ ಜತೆಗೆ ನಡೆಯುವವರು ಆರು ದಿನ ಜತೆಗಿರುವುದು ಬೇರೆಯೇ ಸಂಗತಿ. ನಾನು ಕಂಡಂತೆ ಗುಂಪುಗಳಲ್ಲಿ ಮನಸ್ತಾಪ ಹುಟ್ಟುವುದು ದೊಡ್ಡ ಭಿನ್ನಾಭಿಪ್ರಾಯಗಳಿಂದಲ್ಲ. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ಮಾಡಬೇಕೆಂಬ ಸಂಕೋಚದಿಂದ. ಒಬ್ಬರಿಗೆ ಮಲಗಬೇಕಿರುತ್ತದೆ, ಇನ್ನೊಬ್ಬರು ಬಾಗಿಲು ತಟ್ಟಿ ಕರೆಯುತ್ತಾರೆ, ಹೋಗದಿದ್ದರೆ ಏನಂದುಕೊಳ್ಳುತ್ತಾರೋ ಎಂದು ಹೋಗುತ್ತಾರೆ, ಸಂಜೆಯ ಹೊತ್ತಿಗೆ ಮುಖ ಬಿಗಿದಿರುತ್ತದೆ. ಹೊರಡುವ ಮುನ್ನ ಎಂಟೂ ಮಂದಿ ಒಂದು ಸಂಜೆ ಕುಳಿತು ಬಾಯಿಬಿಟ್ಟು ಒಪ್ಪಿಕೊಳ್ಳಿ: ರಾತ್ರಿಯ ಊಟ ಮಾತ್ರ ಎಲ್ಲರೂ ಒಟ್ಟಿಗೆ, ಮಿಕ್ಕ ಹೊತ್ತು ಬರುವವರು ಬರಬಹುದು, ಬಾರದವರು ಕಾರಣ ಹೇಳಬೇಕಿಲ್ಲ. ಹೀಗೆ ಒಪ್ಪಿಕೊಂಡ ಮೇಲೆ ಊಟದ ಹೊತ್ತಿಗೆ ಪ್ರತಿಯೊಬ್ಬರ ಬಳಿಯೂ ಹೇಳಲು ಬೇರೆ ಬೇರೆ ಸುದ್ದಿ ಇರುತ್ತದೆ, ಮಾತು ಬೆಳೆಯುತ್ತದೆ.

ಹಣದ ಬಗ್ಗೆಯೂ ಅದೇ ಸಂಜೆ ಮಾತಾಗಲಿ. ಗಾಡಿ, ಹಡಗು, ಒಟ್ಟಿಗೆ ಮಾಡುವ ಊಟಗಳ ಖರ್ಚು ಸಾಮಾನ್ಯ ಚೀಲದಿಂದ. ಸ್ಕೂಬಾ, ಸ್ನಾರ್ಕಲಿಂಗ್, ಪಾನೀಯ, ಖರೀದಿ ಅವರವರ ಕೈಯಿಂದ. ಮಾಂಸಾಹಾರದ ಬಿಲ್ಲು ಹೆಚ್ಚು ಬರುವುದರಿಂದ ಸಸ್ಯಾಹಾರಿಗಳ ಬಿಲ್ಲನ್ನು ಬೇರೆ ಮಾಡಿಸುವುದು ಒಳ್ಳೆಯದು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಎಲ್ಲರೂ ಲೆಕ್ಕ ಹಾಕುತ್ತಾರೆ. ಚೀಲ ಹಿಡಿಯುವ ಕೆಲಸ ಒಬ್ಬರಿಗೆ, ಏಜೆಂಟರೊಂದಿಗೆ ಮಾತನಾಡುವ ಕೆಲಸ ಇನ್ನೊಬ್ಬರಿಗೆ ವಹಿಸಿ, ಎರಡನ್ನೂ ಒಬ್ಬರ ತಲೆಗೆ ಕಟ್ಟಿದರೆ ಆ ಒಬ್ಬರಿಗೆ ರಜೆಯೇ ಇರುವುದಿಲ್ಲ. ಕೋಣೆಗಳನ್ನು ಚೀಟಿ ಎತ್ತಿ ಹಂಚಬೇಡಿ: ಮಂಡಿನೋವಿನವರಿಗೆ ಮೆಟ್ಟಿಲಿಲ್ಲದ, ಊಟದ ಜಾಗಕ್ಕೆ ಹತ್ತಿರದ ಕೋಣೆ ಮೊದಲೇ ಕಾದಿರಿಸಿ. ನಿಮ್ಮ ಅಕ್ಕನವರನ್ನೂ ಆ ಹುಡುಗಿಯನ್ನೂ ಒಂದೇ ಕೋಣೆಗೆ ಹಾಕುವ ಯೋಚನೆ ಏಜೆಂಟರಿಗೆ ಖಂಡಿತ ಬಂದಿರುತ್ತದೆ. ಇಬ್ಬರನ್ನೂ ಪ್ರತ್ಯೇಕವಾಗಿ ಕೇಳದೆ ಅದಕ್ಕೆ ಒಪ್ಪಬೇಡಿ. ಹೆಂಗಸರು ಹೊಂದಿಕೊಂಡಾರು ಎಂದು ನಾವು ಬಹಳ ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ.

ಊಟಕ್ಕೆ ತೊಂದರೆಯಿಲ್ಲ. ಚಿಕ್ಕ ಬಂಗಾಳಿ ಊಟದ ಮನೆಗಳಲ್ಲಿ ಅನ್ನ, ಬೇಳೆ, ಪಲ್ಯ, ಕರಿದ ಬದನೆ ಹೋಳು ಬಿಸಿಬಿಸಿಯಾಗಿ ಸಿಗುತ್ತವೆ. ಕರಿಯುವ ಬಾಣಲೆ ಮೀನಿನದೇ ಆಗಿರಬಹುದಾದ್ದರಿಂದ ಮಡಿ ಪಾಲಿಸುವವರು ಮೊದಲೇ ವಿಚಾರಿಸಲಿ. ಈರುಳ್ಳಿ, ಬೆಳ್ಳುಳ್ಳಿ ಬೇಡವೆನ್ನುವವರು ಬೆಳಿಗ್ಗೆಯೇ ಹೇಳಿಟ್ಟರೆ ಮಾಡಿಕೊಡುತ್ತಾರೆ. ಚಟ್ನಿಪುಡಿ, ಉಪ್ಪಿನಕಾಯಿ ಹೇಗೂ ನಿಮ್ಮ ಚೀಲದಲ್ಲಿರುತ್ತವೆ.

ನೀವು ಆರಿಸಿಕೊಂಡ ಸಮಯ ಚೆನ್ನಾಗಿದೆ. ಈಶಾನ್ಯ ಮಾರುತದ ಮಳೆ ಮುಗಿದು ಜನವರಿ ಕೊನೆಯಿಂದ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಆದರೂ ಹಡಗಿನಲ್ಲಿ ಹೊಟ್ಟೆ ತೊಳಸುವವರು ಮಧ್ಯಭಾಗದ ಕೆಳ ಅಂತಸ್ತಿನ ಆಸನ ಕೇಳಲಿ, ಹೊಟ್ಟೆ ತುಂಬ ತಿನ್ನದೆ ಹತ್ತಲಿ. ವಾಂತಿಯ ಮಾತ್ರೆ ಬೇಕಾದವರು, ಅದರಲ್ಲೂ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ತಮ್ಮ ವೈದ್ಯರನ್ನು ಊರಿನಲ್ಲೇ ಕೇಳಿಕೊಂಡು ಬರಲಿ. ನಿತ್ಯದ ಔಷಧಿಗಳನ್ನು ಎರಡು ದಿನ ಹೆಚ್ಚಿಗೇ ತನ್ನಿ ಮತ್ತು ಹಡಗಿನವರಿಗೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡದೆ ಕೈಚೀಲದಲ್ಲಿಡಿ. ಗಂಭೀರ ಕಾಯಿಲೆಗೆ ದೊಡ್ಡ ಆಸ್ಪತ್ರೆಯಿರುವುದು ಪೋರ್ಟ್ ಬ್ಲೇರ್‌ನಲ್ಲಿ. ಕಡಲತೀರದಲ್ಲಿ ಸ್ಯಾಂಡ್‌ಫ್ಲೈ ಎಂಬ, ಸೊಳ್ಳೆಗಿಂತ ಚಿಕ್ಕದಾದ ಹುಳವಿದೆ, ಬೆಳಿಗ್ಗೆ ಮತ್ತು ಸಂಜೆ ಕಚ್ಚುತ್ತದೆ, ತುರಿಕೆ ವಾರಗಟ್ಟಲೆ ಉಳಿಯುವುದುಂಟು. ಬರೀ ಮರಳಿನ ಮೇಲೆ ಮಲಗದಿರುವುದು, ಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವುದು ಸಾಕಷ್ಟು ರಕ್ಷಣೆ ಕೊಡುತ್ತದೆ. ಕಚ್ಚಿದ ಜಾಗವನ್ನು ಉಗುರಿನಿಂದ ಕೆರೆಯಬೇಡಿ. ಬಿಸಿಲಿಗೆ ಕ್ರೀಮಿಗಿಂತ ತುಂಬುತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ ಮೇಲು, ಕ್ರೀಮು ನೀರಿಗೆ ಸೇರದಿರುವುದರಿಂದ ಹವಳಕ್ಕೂ ಅದೇ ಮೇಲು.

ದಂಡೆಯಿಂದ ಚಿಪ್ಪು, ಹವಳದ ತುಂಡು ತರಬೇಡಿ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತದೆ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಮುಜುಗರವಷ್ಟೇ ಅಲ್ಲ, ಪ್ರಕರಣವೂ ಆಗಬಹುದು. ಖಾಲಿಯೆಂದು ಕಾಣುವ ಚಿಪ್ಪು ಸನ್ಯಾಸಿ ಏಡಿಯ ಮುಂದಿನ ಮನೆ. ಮೈ ಬೆಳೆದಂತೆಲ್ಲ ದೊಡ್ಡ ಚಿಪ್ಪು ಹುಡುಕಿಕೊಂಡು ಅದು ದಂಡೆಯುದ್ದಕ್ಕೂ ಅಲೆಯುತ್ತಿರುತ್ತದೆ. ಚಿಪ್ಪು ಸಿಗದಿದ್ದರೆ ಬಾಟಲಿಯ ಮುಚ್ಚಳದೊಳಗೆ ಹೊಕ್ಕಿ ನಡೆಯುವುದನ್ನೂ ಜನ ಕಂಡಿದ್ದಾರೆ. ಮಕ್ಕಳಿಗೆ ಉಡುಗೊರೆ ಬೇಕೆಂದರೆ ಚಿತ್ರ ತೆಗೆದು ತನ್ನಿ.

ಮೊಬೈಲಿನ ವಿಷಯ ಒಂದೇ ಸಾಲಿನಲ್ಲಿ ಹೇಳುತ್ತೇನೆ: 2020ರಲ್ಲಿ ಚೆನ್ನೈನಿಂದ ಕಡಲಡಿಯ ಕೇಬಲ್ ಬಂದ ಮೇಲೆ ಸ್ಥಿತಿ ಬಹಳ ಸುಧಾರಿಸಿದೆ, ಆದರೂ ದ್ವೀಪಗಳಲ್ಲಿ ಫೋನಿನಿಂದ ಹಣ ಪಾವತಿ ಕೈಕೊಡುವುದುಂಟಾದ್ದರಿಂದ ಎಲ್ಲರ ಬಳಿಯೂ ಸ್ವಲ್ಪ ನಗದು ಇರಲಿ.

ಪೋರ್ಟ್ ಬ್ಲೇರ್‌ನ ಮೊದಲ ದಿನವನ್ನು ಸೆಲ್ಯುಲರ್ ಜೈಲಿಗೆ ಕೊಡಿ. 1896ರಿಂದ 1906ರವರೆಗೆ ಕಟ್ಟಿದ, ಏಳು ರೆಕ್ಕೆಗಳಲ್ಲಿ ಮೂರು ಮಾತ್ರ ಉಳಿದಿರುವ ಆ ಕಟ್ಟಡವನ್ನು ನೋಡದೆ ದ್ವೀಪಕ್ಕೆ ಹೋಗುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮಧ್ಯಾಹ್ನವೇ ಹೋಗಿ ಕೋಣೆಗಳ ಸಾಲಿನಲ್ಲಿ ನಿಧಾನವಾಗಿ ನಡೆಯಿರಿ; ಮೇಲಂತಸ್ತಿಗೆ ಮೆಟ್ಟಿಲು ಹತ್ತಲಾಗದವರಿಗೆ ಕೆಳಗಿನ ಅಂಗಳ, ವಸ್ತುಸಂಗ್ರಹಾಲಯಗಳಿವೆ. ಅದೇ ದಿನ ಬೇರೆ ದ್ವೀಪ, ಬೇರೆ ಬೀಚು ಸೇರಿಸಬೇಡಿ. ಬೆಂಗಳೂರಿನಲ್ಲಿ ವಿಮಾನ ಹಿಡಿಯಲು ನೀವು ಹಿಂದಿನ ರಾತ್ರಿಯೇ ಶಿವಮೊಗ್ಗ ಬಿಟ್ಟು ದಣಿದಿರುತ್ತೀರಿ.

ಏಜೆಂಟರಿಗೆ ಬರೆಯುವಾಗ ಈ ಬದಲಾವಣೆಗಳನ್ನು ಮಾತಿನಲ್ಲಿ ಹೇಳಿ ಬಿಡದೆ ಕಾಗದದಲ್ಲೋ ಇ-ಮೇಲಿನಲ್ಲೋ ಸ್ಪಷ್ಟವಾಗಿ ಕೇಳಿ: ಹ್ಯಾವ್‌ಲಾಕ್‌ನಲ್ಲಿ ಸತತ ಮೂರು ರಾತ್ರಿ, ಪೂರ್ವದ ದಂಡೆಯಲ್ಲಿ, ನೆಲಮಟ್ಟದ ಎರಡು ಕೋಣೆಗಳೊಂದಿಗೆ, ಹಡಗಿನ ಟಿಕೆಟ್ಟು ಎಂಟು ಮಂದಿಗೂ ಒಂದೇ ಹಡಗಿನಲ್ಲಿ, ಹೋಗುವಾಗ ಬೆಳಗಿನದು, ಮರಳುವಾಗ ಮಧ್ಯಾಹ್ನದ್ದು. ಹವೆ ಕೆಟ್ಟು ಹಡಗು ನಿಂತರೆ ಆ ರಾತ್ರಿಯ ವಸತಿ ಖರ್ಚು ಯಾರದು, ಟಿಕೆಟ್ಟಿನ ಹಣ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದನ್ನೂ ಬರೆಸಿಕೊಳ್ಳಿ. ಬಾರಾಟಾಂಗ್ ಮತ್ತು ನೀಲ್ ತೆಗೆದದ್ದರಿಂದ ಗಾಡಿ, ದೋಣಿ, ಪ್ರವೇಶ ಶುಲ್ಕಗಳ ಬಾಬ್ತು ಉಳಿಯುವ ಹಣವನ್ನು ಲೆಕ್ಕ ಹಾಕಿಸಿ, ಅದನ್ನು ಒಳ್ಳೆಯ ಕೋಣೆಗಳಿಗೆ ಹಾಕಿ. ಯೋಜನೆಯಲ್ಲಿ ಇನ್ನೂ ಏನಾದರೂ ಸೇರಿಸುತ್ತೇವೆ ಎಂದು ಅವರು ಹೇಳಿದರೆ ಬೇಡವೆನ್ನಿ, ದಂಡೆಯಲ್ಲಿರುವ ದಿನಗಳ ಕಾರ್ಯಕ್ರಮವನ್ನು ಖಾಲಿ ಬಿಡಲು ಹೇಳಿ.